ಐದು ಗಂಟೆಯೊಳಗೆ ಇಂಜಿನ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹೆಗ್ಗಣ. ಬುಧವಾರ ಬೆಳಿಗ್ಗೆ ಅದು ದೇವದಾಸರ ಕಾರಿನ ಬಾನೆಟ್ಟಿನೊಳಗಿಂದ ಹೊರಬಿದ್ದು, ವಾಕಿಂಗಿಗೆ ಹೊರಟಿದ್ದ ಆಗಾಶೆಯವರ ಎಡಗಾಲಿನ ಮೇಲೆ ಹಾದು, ಏನೂ ಆಗಿಯೇ ಇಲ್ಲವೆಂಬಂತೆ ಮೋರಿಗೆ ಇಳಿದುಹೋಯಿತು. ಅದಕ್ಕೆ ಬೇರೆ ಯಾರ ಕಾಲೂ ಸಿಗಲಿಲ್ಲವೆ? ಆಗಾಶೆ ಪುಣೆಯ ಮಯೂರೇಶ್ವರ ಹೌಸಿಂಗ್ ಸೊಸೈಟಿಯ ಚೇರ್ಮನ್ನರು. ಎಪ್ಪತ್ತೊಂದರ ವಯಸ್ಸು, ರಿಟೈರಾದವರು, ಸಿಟ್ಟು ತೀರಿಸಿಕೊಳ್ಳಲು ದಿನವಿಡೀ ಪುರುಸೊತ್ತು ಇರುವವರು.

ಗುರುವಾರ ಬೋರ್ಡಿನ ಮೇಲೆ ಮರಾಠಿಯಲ್ಲಿ ನೋಟೀಸು ಬಂತು. ಸ್ವಂತ ಇಂಜಿನ್ನಿನಿಂದ ಗೇಟು ದಾಟಲಾರದ ಯಾವುದೇ ವಾಹನವನ್ನು ಗುಜರಿ ಎಂದು ಪರಿಗಣಿಸಲಾಗುವುದು. ಭಾನುವಾರ ಸಂಜೆ ಐದು ಗಂಟೆಗೆ ಗುಜರಿಯವನು ಬಂದು ಒಯ್ಯುತ್ತಾನೆ. ನೋಟೀಸಿನಲ್ಲಿ ಯಾರ ಹೆಸರೂ ಇರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಇಡೀ ಸೊಸೈಟಿಯಲ್ಲಿ ಇಂಜಿನ್ನೇ ಇಲ್ಲದ ಕಾರು ಇದ್ದದ್ದು ಒಂದೇ ಒಂದು.

ಅದು ಐವತ್ತೆಂಟು ವರ್ಷ ಹಳೆಯ, ಇಬ್ಬರೇ ಕೂರಬಹುದಾದ, ತಲೆಯ ಮೇಲೆ ಮುಚ್ಚಿಗೆಯಿಲ್ಲದ ವಿಲಾಯಿತಿ ಸ್ಪೋರ್ಟ್ಸ್ ಕಾರು. ಒಂದು ಕಾಲಕ್ಕೆ ಕೆಂಪಗಿತ್ತು. ದೇವದಾಸರು ಹದಿನೆಂಟನೆಯ ವಯಸ್ಸಿಗೆ ಹೆಬ್ರಿಯಿಂದ ಪುಣೆಗೆ ಬಂದು ಕ್ಯಾಂಪ್ ಬಡಾವಣೆಯ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದಾಗ, ಒಬ್ಬ ಪಾರ್ಸಿ ಮುದುಕರು ಪ್ರತಿ ಭಾನುವಾರ ಇದೇ ಕಾರಿನಲ್ಲಿ ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಅದರ ಗಾಜು ಒರೆಸುವ ಭಾಗ್ಯಕ್ಕಾಗಿ ದೇವದಾಸರು ಉಳಿದ ಕೆಲಸದವರ ಜೊತೆ ಕೈಕೈ ಮಿಲಾಯಿಸಿದ್ದೂ ಉಂಟು. ಮುಂದೆ ಕರ್ವೆನಗರದಲ್ಲಿ ಸ್ವಂತ ಹೋಟೆಲು ಮಾಡಿ, ಪಾರ್ಸಿಯವರ ಮಗಳು ಕಾರು ಮಾರುತ್ತಾಳೆಂದು ಕೇಳಿದ್ದೇ ತಡ, ಓಡಿಹೋಗಿ ಮನೆಗೆ ತಂದರು. ತಂದ ನಾಲ್ಕನೆಯ ತಿಂಗಳಿಗೆ ಇಂಜಿನ್ನು ಕೈಕೊಟ್ಟಿತು. ಭೋರ್ ಊರಿನ ಸಂಕಪ್ಪ ಮೇಸ್ತ್ರಿ ಅದನ್ನು ಬಿಚ್ಚಿ, "ಎರಡು ವಾರದಾಗ ರಿಪೇರಿ ಮಾಡಿ ಕೊಡ್ತೇನ್ರಿ" ಎಂದು ಟೆಂಪೋದಲ್ಲಿ ಹಾಕಿಕೊಂಡು ಹೋದದ್ದು ಒಂಬತ್ತು ವರ್ಷದ ಹಿಂದಿನ ಮಾತು.

ಇಂಜಿನ್ನಿಲ್ಲದಿದ್ದರೂ ಆ ಕಾರಿನಿಂದ ಒಂದು ದೊಡ್ಡ ಉಪಕಾರ ಆಗುತ್ತಿತ್ತು: ಅದು ಜಾಗ ಹಿಡಿದು ನಿಂತಿತ್ತು. ಮಯೂರೇಶ್ವರ ಸೊಸೈಟಿಯಲ್ಲಿ ಹನ್ನೆರಡು ಮನೆ. ಕಟ್ಟಡದ ಕೆಳಗೆ ಕಾರು ನಿಲ್ಲಿಸಲು ಆರೇ ಜಾಗ. ಯಾವುದು ಯಾರದೆಂದು ಎಲ್ಲೂ ಬರೆದಿಟ್ಟಿಲ್ಲ. ಖಾಲಿಯಿದ್ದ ಜಾಗ ಮೊದಲು ಬಂದವರದು, ಅಷ್ಟೇ ಕಾನೂನು. ಹೀಗಾಗಿ ಒಮ್ಮೆ ಜಾಗ ಹಿಡಿದವರು ಕಾರು ಹೊರಗೆ ತೆಗೆಯುವುದನ್ನೇ ಬಿಟ್ಟುಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಎಲ್ಲರೂ ಇಳಿದು ಬಂದು, ಕಾರು ತೊಳೆದು, ಹತ್ತು ನಿಮಿಷ ನಿಂತಲ್ಲೇ ಇಂಜಿನ್ ಗುರುಗುಟ್ಟಿಸಿ, ಬೀಗ ಹಾಕಿ, ಆಮೇಲೆ ರಿಕ್ಷಾ ಹಿಡಿದು ಊರು ಸುತ್ತಲು ಹೋಗುತ್ತಿದ್ದರು. ಆಗಾಶೆಯವರು ಸ್ವತಃ ಮಗಳ ಮನೆಗೆ ಎರಡು ಬಸ್ಸು ಬದಲಿಸಿ ಹೋಗುತ್ತಾರೆ.

ನೋಟೀಸು ಓದಿದ ದೇವದಾಸರು ಗುರುವಾರವೇ ಭೋರ್‌ಗೆ ಹೋಗಿ ಸಂಕಪ್ಪನ ಬಾಗಿಲಲ್ಲಿ ಕೂತುಬಿಟ್ಟರು. ಎರಡು ದಿನ ಊಟಕ್ಕೂ ಏಳಲಿಲ್ಲ. ಶನಿವಾರ ಸಂಜೆ ಇಂಜಿನ್ನು, ಅದಕ್ಕಂಟಿದ ಗೇರ್‌ಬಾಕ್ಸಿನ ಸಮೇತ, ಸೊಸೈಟಿಯ ಅಂಗಳದಲ್ಲಿ ಗೋಣಿಯ ಮೇಲೆ ಬಂದು ಕೂತಿತು.

"ಕೂಡಿಸೂದೇನ್ ದೊಡ್ಡದಲ್ರಿ. ಫೋನಿನಾಗ ಹೇಳ್ತೇನಿ, ನೀವ ಮಾಡ್ರಿ," ಎಂದ ಸಂಕಪ್ಪ. "ನಾಳೆ ನಾ ಜೇಜುರಿಗೆ ಹೋಗಬೇಕು. ಮನಿದೇವ್ರು. ತಪ್ಪಿಸಂಗಿಲ್ಲ."

ಒಂಬತ್ತು ವರ್ಷ ತಪ್ಪಿಸಿಕೊಂಡವನಿಗೆ ಈ ಒಂದು ದಿನ ಮಾತ್ರ ತಪ್ಪಿಸಲಾಗದ್ದು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ದೇವದಾಸರು ಹಳೆಯ ಬನಿಯನ್ನು ಹಾಕಿಕೊಂಡು ಕೆಳಗಿಳಿದರು. ಹೆಂಡತಿ ಸ್ವರ್ಣಲತಾ ಬಾಲ್ಕನಿಯಿಂದಲೇ ಕೇಳಿದರು, "ನಿಮ್ಗೆ ಸ್ಪ್ಯಾನರ್ ಹಿಡಿಯಲಿಕ್ಕೆ ಯಾವ ಕಡೆಯಿಂದ ಅಂತಾದ್ರೂ ಗೊತ್ತುಂಟಾ?"

"ಸುಮ್ನಿರು ಮಾರಾಯ್ತಿ. ಇವತ್ತು ಸಂಜೆ ನಿನ್ನನ್ನೇ ಮೊದಲು ಕೂರಿಸ್ತೇನೆ."

"ನಾನಾ? ಹೆಗ್ಗಣದ ಗೂಡಿನಲ್ಲಾ? ಸತ್ರೂ ಇಲ್ಲ," ಎಂದು ಸ್ವರ್ಣಲತಾ ಒಳಗೆ ಹೋದರು. ಒಂಬತ್ತು ವರ್ಷದಿಂದ ಅವರದು ಇದೇ ಪಲ್ಲವಿ. ಆದರೆ ದೇವದಾಸರಿಗೆ ಕಾರು ಬೇಕಾಗಿದ್ದದ್ದೇ ಅದಕ್ಕೆ. ಪಾರ್ಸಿ ಮುದುಕರ ಪಕ್ಕದಲ್ಲಿ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಅವರ ಹೆಂಡತಿ ಕೂರುತ್ತಿದ್ದ ಠೀವಿಯನ್ನು ಅವರು ಮರೆತಿರಲಿಲ್ಲ. ಮೂವತ್ತು ವರ್ಷ ಹೋಟೆಲಿನ ಹಿಂಬದಿಯಲ್ಲಿ ಹಿಟ್ಟು ನೋಡಿಕೊಂಡೇ ಕಳೆದ ಸ್ವರ್ಣಳನ್ನು ಒಂದು ಸಲವಾದರೂ ಹಾಗೆ ಕೂರಿಸದಿದ್ದರೆ ಈ ಸಂಪಾದನೆಯೆಲ್ಲ ಯಾತಕ್ಕೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ಸಹಾಯಕ್ಕೆ ಮೊದಲು ಇಳಿದು ಬಂದವನು ಮೂರನೆಯ ಮಹಡಿಯ ಅಮೇಯ. ಸೊಲ್ಲಾಪುರದವನು, ಮನೆಯಲ್ಲಿ ಕನ್ನಡ ಆಡುವವನು, ಐ.ಟಿ. ಕಂಪನಿಯ ಕೆಲಸ. ಅವನ ಹತ್ತಿರ ಇದ್ದದ್ದು ಒಂದು ಬೈಕು ಮಾತ್ರ. ಆದರೂ ಎಂಥ ಉತ್ಸಾಹ! ನಾಲ್ಕು ಟಯರಿಗೂ ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಹೊಸ ಬ್ಯಾಟರಿ ತಾನೇ ಹೊತ್ತು ತಂದ. ಎಲ್ಲಿಂದಲೋ ಬಾಡಿಗೆಗೆ ಭಾರ ಎತ್ತುವ ಒಂದು ಚೈನ್ ಪುಲ್ಲಿಯನ್ನೂ ತಂದ.

"ಕಾಕಾ, ಇವತ್ತು ಏನರೆ ಆಗ್ಲಿ, ಐದರೊಳಗ ಈ ಗಾಡಿ ಗೇಟ್ ದಾಟಲೇಬೇಕ್ರಿ," ಎಂದ.

ದೇವದಾಸರ ಕಣ್ಣು ಹನಿಗೂಡಿತು. ಸ್ವಂತ ಅಳಿಯ ಕೂಡ ಇಷ್ಟು ಕಳಕಳಿ ತೋರಿಸಿರಲಿಲ್ಲ. ಪಾಪ, ಆ ಅಮೇಯನಿಗೆ ಅರ್ಧ ಗಂಟೆಗೊಮ್ಮೆ ಫೋನು ಬರುತ್ತಿತ್ತು. ಅವನು ದೂರ ಹೋಗಿ ಮರಾಠಿಯಲ್ಲಿ ಗುಸುಗುಸು ಮಾತಾಡಿ ಬರುತ್ತಿದ್ದ. ಐ.ಟಿ.ಯವರಿಗೆ ಭಾನುವಾರವೂ ರಜೆಯಿಲ್ಲವಲ್ಲ ಎಂದು ದೇವದಾಸರು ಮರುಗಿದರು.

ಚೈನ್ ಪುಲ್ಲಿಯನ್ನು ಸೂರಿನ ಬೀಮಿಗೆ ನೇತುಹಾಕಬೇಕೆನ್ನುವಷ್ಟರಲ್ಲಿ ಆಗಾಶೆ ಪ್ರತ್ಯಕ್ಷರಾದರು.

"ಅಹೋ ಅಣ್ಣಾ, ಬೀಮಿಗೆ ಕೈ ಹಚ್ಚಬೇಡಿ!" ಅವರು ಮರಾಠಿಯಲ್ಲಿ ಗುಡುಗಿದರು. "ಬೀಮು ಸೊಸೈಟಿಯ ಆಸ್ತಿ. ನಿಮ್ಮ ಇಂಜಿನ್ನಿನ ತೂಕ ಎಷ್ಟು? ಬರೆದು ಕೊಡಿ. ಬಿರುಕು ಬಿಟ್ಟರೆ ಹೊಣೆ ಯಾರು? ಅದನ್ನೂ ಬರೆದು ಕೊಡಿ."

ಅಮೇಯ ವಾದಿಸಿದ, ಆಗಾಶೆ ನಿಯಮ ಓದಿದರು, ಮಹಡಿ ಮಹಡಿಯಿಂದ ಜನ ಬಗ್ಗಿ ತಲೆಗೊಂದು ಸಲಹೆ ಕೊಟ್ಟರು. ಈ ಗದ್ದಲ ಮುಗಿಯುವಾಗ ಹನ್ನೆರಡೂವರೆ. ಇಂಜಿನ್ನು ಗೋಣಿಯ ಮೇಲೆ ಹಾಗೇ ಕೂತಿತ್ತು.

ದಾರಿ ತೋರಿಸಿದವನು ಸುಖೇಶ್. ದೇವದಾಸರ ಹೋಟೆಲಿನ ಮುಖ್ಯ ಅಡುಗೆಯವನು. ಊರಲ್ಲಿದ್ದಾಗ ದೇವಸ್ಥಾನದ ಸಂತರ್ಪಣೆಗಳಲ್ಲಿ ಪಳಗಿದ ಕೈ. ಮಧ್ಯಾಹ್ನದ ಊಟದ ಗಿರಾಕಿಗಳನ್ನು ಮುಗಿಸಿ ಎರಡು ಗಂಟೆಗೆ ಬಂದವನು ಇಂಜಿನ್ನಿಗೆ ಒಂದು ಸುತ್ತು ಬಂದು ನಕ್ಕ.

"ಇಷ್ಟೇನಾ ಧಣಿ? ಸಾವಿರ ಜನರ ಅನ್ನದ ಕೊಪ್ಪರಿಗೆ ಇದಕ್ಕಿಂತ ಭಾರ. ಎರಡು ಬಿದಿರು ತರಿಸಿ. ಮುಂದೆ ಒಂದು, ಹಿಂದೆ ಒಂದು. ಕಾರಿನ ಆಚೆ ಇಬ್ಬರು, ಈಚೆ ಇಬ್ಬರು ಹೆಗಲು ಕೊಟ್ಟರೆ ಆಯ್ತು."

ಬಿದಿರು ಬಂತು. ಹಗ್ಗ ಬಿಗಿದದ್ದಾಯಿತು. ಆದರೆ ಹೆಗಲುಗಳು ಮೂರೇ: ಸುಖೇಶ್, ಅಮೇಯ, ದೇವದಾಸರು. ಆಗಾಶೆಯವರ ಹೆಗಲು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಾಲ್ಕನಿಯಲ್ಲಿದ್ದ ಸಲಹೆಗಾರರೆಲ್ಲ ಊಟದ ನಿದ್ದೆಗೆ ಹೋಗಿಬಿಟ್ಟಿದ್ದರು. ಗಂಟೆ ಮೂರು.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಖಾಲಿ ಟೆಂಪೋ ನಿಂತಿತು. ಇಳಿದವನು ಹುಲಿಗೆಪ್ಪ, ಐದು ಗಂಟೆಗೆ ಬರಬೇಕಾಗಿದ್ದ ಗುಜರಿಯವನು. ಕೊಪ್ಪಳದ ಕಡೆಯ ಕಟ್ಟುಮಸ್ತಾದ ಆಳು.

"ಮಾಲು ಹ್ಯಾಂಗ ಅದ ನೋಡೂಣಂತ ಜಲ್ದಿ ಬಂದ್ನಿರಿ," ಎಂದ. ಕಾರನ್ನು ನೋಡಿದ, ಬಿದಿರನ್ನು ನೋಡಿದ, ದೇವದಾಸರ ಮೋರೆಯನ್ನೂ ನೋಡಿದ. ಆಮೇಲೆ ಅಂಗಿ ಕಳಚಿ ಟೆಂಪೋದೊಳಗೆ ಎಸೆದ. "ಸುಮ್ನ ಕೂತು ಏನ್ ಮಾಡ್ಲಿ? ನಾನೂ ಒಂದು ಕೈ ಹಚ್ತೇನಿ. ಸರೀರಿ ಸಾವಕಾರ."

ಕಾರು ಒಯ್ಯಲು ಬಂದವನೇ ಕಾರು ಉಳಿಸಲು ಹೆಗಲು ಕೊಟ್ಟ.

"ಏಳ್ಲಿ!" ಎಂದ ಸುಖೇಶ್. ಇಂಜಿನ್ನು ನೆಲ ಬಿಟ್ಟಿತು. ಬಿದಿರು ಬಿಲ್ಲಿನ ಹಾಗೆ ಬಾಗಿ ಕಿರ್ರೆಂದಿತು. ನಾಲ್ವರೂ ಕಾರಿನ ಎರಡೂ ಬದಿಗೆ ಅಂಗುಲ ಅಂಗುಲವಾಗಿ ಸರಿದರು. ಅರ್ಧ ದಾರಿಯಲ್ಲಿ ಇಂಜಿನ್ನು ತೂಗಾಡಲು ಶುರುಮಾಡಿತು. ಒಂದು ಸಲ ಹೆಡ್‌ಲೈಟಿನ ಮೂಗು ಸವರಿ ಹೋಯಿತು. "ಡಾವೀಕಡೆ! ಉಜವೀಕಡೆ!" ಎಂದು ಆಗಾಶೆ ಎಡಬಲ ಎರಡನ್ನೂ ಒಟ್ಟಿಗೇ ಕೂಗುತ್ತಿದ್ದರು.

"ಹಿಂದಿನವರು ತಗ್ಗಿಸಿ! ಅನ್ನದ ಗಂಜಿ ಬಸಿಯುವ ಹಾಗೆ! ಇನ್ನೂ ಸ್ವಲ್ಪ!" ಸುಖೇಶನ ಕುತ್ತಿಗೆಯ ನರ ಹುರಿಯಾಗಿತ್ತು. ಗೇರ್‌ಬಾಕ್ಸಿನ ಬಾಲ ಕೆಳಗೆ ಬಾಗಿ ಕಾರಿನ ಹೊಟ್ಟೆಯೊಳಗೆ ನುಸುಳಿತು. ಗೋಣಿ ಹಾಸಿದ ಮಡ್‌ಗಾರ್ಡುಗಳ ಮೇಲೆ ಬಿದಿರುಗಳನ್ನು ಇಳಿಸಿ, ಮೂವರು ಹಗ್ಗ ಹಿಡಿದು ನಿಂತರು. ದೇವದಾಸರು ಬೋಲ್ಟ್ ತೂರಿಸಲು ಅಡಿಗೆ ತೆವಳಿದರು.

ತೂತಿಗೂ ತೂತಿಗೂ ಒಂದು ಬೆರಳಿನಷ್ಟು ಅಂತರ. ಮೇಲೆ ಇಂಜಿನ್ನು ನೇತಾಡುತ್ತಿದೆ, ಕೆಳಗೆ ದೇವದಾಸರ ಬೊಕ್ಕತಲೆ. ಆಗ ಸುಖೇಶನ ಕೈಯಿಂದ ಹಗ್ಗ ಸರ್ರನೆ ಒಂದು ಗೇಣು ಜಾರಿತು. ಚಹಾ ತಂದಿದ್ದ ಸ್ವರ್ಣಲತಾ ತಟ್ಟೆಯನ್ನು ಅಲ್ಲೇ ಬಿಸಾಡಿ ಓಡಿ ಬಂದು ಹಗ್ಗಕ್ಕೆ ಜೋತುಬಿದ್ದರು.

"ಹೊರಗೆ ಬನ್ನಿ ನೀವು! ಕಾರೂ ಬೇಡ, ಎಂತದೂ ಬೇಡ! ಬನ್ನಿ ಅಂದೆ!"

"ಒಂದೇ ಒಂದು ಬೋಲ್ಟ್, ಸ್ವರ್ಣ. ಸ್ವಲ್ಪ ನಿನ್ನ ಕಡೆಗೆ ಎಳಿ."

ಅವರು ಎಳೆದರು. ಅಳುತ್ತಲೇ ಎಳೆದರು. ಇಂಜಿನ್ನು ಅರ್ಧ ಅಂಗುಲ ಸರಿದು, ಖಟ್ಟೆಂದು ತನ್ನ ಜಾಗದಲ್ಲಿ ಕೂತಿತು. ಮೂರು ಬೋಲ್ಟು ಒಳಗೆ ಹೋದವು; ನಾಲ್ಕನೆಯದು ಎಲ್ಲೂ ಇಲ್ಲ. ಹುಲಿಗೆಪ್ಪ ಟೆಂಪೋದ ಮೂಲೆಯ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತುಕ್ಕುಬೋಲ್ಟು ತಂದ. ಅದರಲ್ಲೊಂದು ಹೇಳಿ ಮಾಡಿಸಿದಂತೆ ಕೂತುಕೊಂಡಿತು.

ಪೈಪು, ವಯರು, ನೀರು, ಆಯಿಲ್ಲು ಎಲ್ಲ ಮುಗಿಯುವಾಗ ನಾಲ್ಕೂಕಾಲು. ದೇವದಾಸರು ದೇವರನ್ನು ನೆನೆದು ಕೀಲಿ ತಿರುಗಿಸಿದರು. ಟಿಕ್ ಎಂದಿತು. ಇನ್ನೊಮ್ಮೆ ತಿರುಗಿಸಿದರು. ಟಿಕ್. ಅಷ್ಟೇ.

ಸಂಕಪ್ಪನಿಗೆ ಫೋನು ಹಚ್ಚಿದರೆ ಆ ಕಡೆಯಿಂದ "ಯಳಕೋಟ ಯಳಕೋಟ ಜೈ ಮಲ್ಹಾರ!" ಎಂಬ ಘೋಷ. ವೀಡಿಯೋದಲ್ಲಿ ಬರೀ ಹಳದಿ. ಅದರ ನಡುವಿನಿಂದ ಭಂಡಾರದ ಅರಿಸಿನ ಮೆತ್ತಿಕೊಂಡ ಒಂದು ಮೂಗು ಕಾಣಿಸಿತು.

"ಸಂಕಪ್ಪ, ಸ್ಟಾರ್ಟೇ ಆಗುದಿಲ್ಲ ಮಾರಾಯ! ಬರೀ ಟಿಕ್ ಅಂತದೆ!"

"ಏನ್ರಿ? ಕೇಳಸ್ವಲ್ದು! ಪ್ರಸಾದ ತರ್ತೇನ್ರಿ!"

ಫೋನು ಕಟ್ಟಾಯಿತು. ನಾಲ್ಕೂ ಇಪ್ಪತ್ತೈದು. ಆಗಾಶೆ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ಸೊಸೈಟಿಯ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಇನ್ನೊಮ್ಮೆ ಹಚ್ಚಿದರೆ ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದರೆ ಯಾವುದೋ ಹೆಂಗಸು ಎತ್ತಿ, ಮೇಸ್ತ್ರಿ ದರ್ಶನದ ಸಾಲಿನಲ್ಲಿದ್ದಾರೆ ಎಂದಳು. ದೇವದಾಸರು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟರು. ಅವರ ಬನಿಯನ್ನಿನ ಬೆನ್ನು ಪೂರಾ ಒದ್ದೆಯಾಗಿತ್ತು. ನಾಲ್ಕೂ ನಲವತ್ತಕ್ಕೆ ಸಂಕಪ್ಪನೇ ಫೋನು ಮಾಡಿದ.

"ಅರ್ಥಿಂಗ್ ಪಟ್ಟಿ ಹಾಕೀರೇನ್ರಿ? ಇಂಜಿನ್ನಿಂದ ಬಾಡಿಗೆ ಒಂದು ತಾಮ್ರದ ಪಟ್ಟಿ ಬರ್ತದ ನೋಡ್ರಿ. ರಬ್ಬರ ಮ್ಯಾಲೆ ಕೂತ ಇಂಜಿನ್ನರಿ ಅದು. ಪಟ್ಟಿ ಇಲ್ದ ಕರೆಂಟ್ ಹ್ಯಾಂಗ ತಿರುಗಿ ಬರಬೇಕು?"

ಎಲ್ಲರೂ ನೆಲ ತಡಕಾಡಿದರು. ಇಂಜಿನ್ನು ಕೂತಿದ್ದ ಗೋಣಿಯ ಅಡಿಯಲ್ಲಿ ಹೆಣೆದ ಪಟ್ಟಿಯೊಂದು ಮುದುಡಿ ಬಿದ್ದಿತ್ತು. ಅಮೇಯ ಅದನ್ನು ಕಸಿದುಕೊಂಡು, ತನ್ನ ಬಿಳಿ ಟೀಶರ್ಟಿನ ಮೇಲೆ ಗ್ರೀಸು ಬಳಿದುಕೊಂಡದ್ದನ್ನೂ ಲೆಕ್ಕಿಸದೆ, ಮಲಗಿ ಬಿಗಿದ. ನಾಲ್ಕೂ ನಲವತ್ತೆಂಟು.

ಕೀಲಿ ತಿರುಗಿತು. ಕಾರು ಕೆಮ್ಮಿತು, ನಡುಗಿತು, ಹಿಂದಿನಿಂದ ಒಂದು ಕಪ್ಪು ಮೋಡ ಉಗುಳಿ ಆಗಾಶೆಯವರನ್ನು ಕ್ಷಣಕಾಲ ಮಾಯ ಮಾಡಿತು. ಮರುಗಳಿಗೆಯಲ್ಲಿ ಇಡೀ ಕಟ್ಟಡ ಗುಂಯ್ಗುಡುವ ಹಾಗೆ ಹೊತ್ತಿಕೊಂಡಿತು. ನಿದ್ದೆಯಲ್ಲಿದ್ದ ಸಲಹೆಗಾರರೆಲ್ಲ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದರು.

"ಗೇಟು ದಾಟಿ ತೋರಿಸಿ," ಎಂದರು ಆಗಾಶೆ, ಕಣ್ಣೊರೆಸಿಕೊಳ್ಳುತ್ತ.

ದೇವದಾಸರು ಗೇರಿಗೆ ಕೈ ಹಾಕಿದವರು ಥಟ್ಟನೆ ನಿಂತರು. ಹೊರಗೆ ಹೋದರೆ ಜಾಗದ ಗತಿ? ಅವರ ಮನಸ್ಸನ್ನು ಅಮೇಯನೇ ಓದಿದ.

"ಚಿಂತಿ ಬ್ಯಾಡ್ರಿ ಕಾಕಾ. ಕಾಕೂ ಅಲ್ಲೇ ಕುರ್ಚಿ ಹಾಕ್ಕೊಂಡು ಕೂಡ್ಲಿ. ಯಾರ್ ಬರ್ತಾರ ನೋಡೇಬಿಡೂಣು."

ಎಂಥ ಬುದ್ಧಿ! ಸ್ವರ್ಣಲತಾ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜಾಗದ ನಟ್ಟನಡುವೆ, ಕೋಟೆ ಕಾಯುವವರಂತೆ ಕೂತರು. ದೇವದಾಸರು ಹೊರಟರು. ಗೇಟು ದಾಟಿ, ಬೀದಿ ಸುತ್ತಿ, ನಾಲ್ಕೂ ಐವತ್ತೇಳಕ್ಕೆ ಮರಳಿ ಗೇಟಿನೊಳಗೆ ಬಂದರು. ಆಗಾಶೆ ಮುಖ ಗಂಟಿಕ್ಕಿಕೊಂಡೇ ರಿಜಿಸ್ಟರಿನಲ್ಲಿ 'ವಾಹನ ಚಾಲೂ ಇದೆ' ಎಂದು ಬರೆದು ಸಹಿ ಹಾಕಿದರು. ಗೆದ್ದದ್ದಾಯಿತು.

ಇನ್ನೇನು, ಕಾರನ್ನು ಜಾಗಕ್ಕೆ ಸೇರಿಸಿದ್ದರೆ ಈ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ದೇವದಾಸರು ಕುರ್ಚಿಯ ಮೇಲಿದ್ದ ಹೆಂಡತಿಯನ್ನು ನೋಡಿದರು. ಅವಳ ಎರಡೂ ಅಂಗೈ ಹಗ್ಗದ ಉರಿಗೆ ಕೆಂಪಾಗಿದ್ದವು.

"ಸ್ವರ್ಣ, ಬಾ. ಒಂದು ರೌಂಡು."

ಸ್ವರ್ಣಲತಾ ಕಾರನ್ನು ನೋಡಿದರು, ಗಂಡನ ಗ್ರೀಸು ಮೆತ್ತಿದ ಮುಖ ನೋಡಿದರು. "ಸತ್ರೂ ಇಲ್ಲ" ಅನ್ನಲು ಈ ಸಲ ಬಾಯಿ ಬರಲಿಲ್ಲ. "ಜಾಗ?" ಎಂದಷ್ಟೇ ಕೇಳಿದರು.

"ಹೋಗ್ರಿ ಕಾಕೂ," ಎಂದ ಅಮೇಯ, ಮುಂದೆ ಬಂದು. "ಜಾಗದಾಗ ನಾ ನಿಲ್ತೇನಿ. ಇಲ್ಲಿಂದ ಕದಲಂಗಿಲ್ಲ."

ಸ್ವರ್ಣಲತಾ ಸೆರಗನ್ನು ತಲೆಗೆ ಸುತ್ತಿಕೊಂಡು ಕೂತರು. ಕಾರು ಕಾಲುವೆಯ ರಸ್ತೆಗೆ ಇಳಿಯಿತು. ಸಂಜೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸಿಗ್ನಲ್ಲಿನಲ್ಲಿ ಸ್ಕೂಟರಿನವರು ಬಾಗಿ ಬಾಗಿ ನೋಡಿದರು. ಒಬ್ಬ ಮುದುಕ ಸಲಾಮು ಹೊಡೆದ. ಸ್ವರ್ಣಲತಾ ಮೊದಲು ಬಾಗಿಲನ್ನು ಬಿಗಿಯಾಗಿ ಹಿಡಿದಿದ್ದವರು, ಆಮೇಲೆ ಕೈ ಸಡಿಲಿಸಿ ನಗಲು ಶುರುಮಾಡಿದರು. ಒಂದು ರೌಂಡು ಎಂದದ್ದು ಮೂರಾಯಿತು. ಅಂಥ ಇಪ್ಪತ್ತೈದು ನಿಮಿಷ ಅವರಿಬ್ಬರ ಬಾಳಿನಲ್ಲಿ ಹಿಂದೆ ಬಂದಿರಲಿಲ್ಲ.

ಮರಳಿದಾಗ ಅಮೇಯ ಕೊಟ್ಟ ಮಾತಿನಂತೆ ಜಾಗದಲ್ಲೇ ನಿಂತಿದ್ದ. ಅವನ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದ ಅವನ ಹೆಂಡತಿ ಶ್ರದ್ಧಾ. ಅವರಿಬ್ಬರ ಹಿಂದೆ, ಜಾಗದ ತುಂಬ, ಚೆಂಡುಹೂವಿನ ಮಾಲೆ ಹಾಕಿಕೊಂಡ ಒಂದು ದೈತ್ಯಾಕಾರದ ಹೊಚ್ಚ ಹೊಸ ಬಿಳಿ ಕಾರು. ಶೋರೂಮಿನವನು ಕೀಲಿ ಕೊಟ್ಟು ಆಗಷ್ಟೇ ಹೋಗಿದ್ದ. ನಾಲ್ಕು ಗಾಲಿಯ ಅಡಿಯಲ್ಲೂ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು.

"ಪೇಢೆ ತಗೋರಿ ಕಾಕಾ," ಎಂದು ಅಮೇಯ ಕಾಲಿಗೆ ಬಿದ್ದ. ನಿಜವಾದ ಭಕ್ತಿಯಿಂದಲೇ ಬಿದ್ದ. "ಎಂಟು ತಿಂಗಳ ಆತ್ರಿ ಬುಕ್ ಮಾಡಿ. ಜಾಗಾ ಇಲ್ಲಂತ ಡಿಲೆವರಿ ಮುಂದ ಹಾಕ್ಕೋತ ಬಂದಿದ್ದೆ. ನಿಮ್ಮ ಗಾಡಿ ಗುಜರಿಗೆ ಹೋಗಿದ್ರ ಜಾಗಕ್ಕ ಎಲ್ಲಾರೂ ಮುಗಿಬೀಳ್ತಿದ್ರು. ನಿಮ್ಮ ಉಪಕಾರ ಜನ್ಮದಾಗ ಮರಿಯಂಗಿಲ್ಲ."

ದೇವದಾಸರು ಆಗಾಶೆಯ ಕಡೆ ತಿರುಗಿದರು. ಆಗಾಶೆ ಕೈಯಾಡಿಸಿದರು.

"ಜಾಗ ಖಾಲಿ ಇತ್ತು, ಅಣ್ಣಾ. ಅವರು ಮೊದಲು ಬಂದರು. ನಿಯಮ ನಿಮಗೆ ಗೊತ್ತೇ ಇದೆ."

"ಹಾಗಾದ್ರೆ ನನ್ನ ಕಾರು ಎಲ್ಲಿ ನಿಲ್ಲಿಸುದು?"

"ಅದು ಸೊಸೈಟಿಯ ವಿಷಯವಲ್ಲ. ರಸ್ತೆಯಲ್ಲಂತೂ ಬೇಡ, ನೋ ಪಾರ್ಕಿಂಗ್. ಎತ್ತಿಕೊಂಡು ಹೋಗುವ ಗಾಡಿ ಆರಕ್ಕೆ ಬರುತ್ತದೆ."

ಇಂಜಿನ್ನು ಗುಡುಗುತ್ತಲೇ ಇತ್ತು. ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೋ ಇಲ್ಲವೋ ಎಂದು ದೇವದಾಸರು ಕೀಲಿ ಮುಟ್ಟಲಿಲ್ಲ. ಸ್ವರ್ಣಲತಾ ತಲೆಯ ಮೇಲಿನ ಸೆರಗು ತೆಗೆಯದೆ ಹಾಗೇ ಕೂತಿದ್ದರು. ಆಗ ಬಾಯಿಬಿಟ್ಟವನು ಹುಲಿಗೆಪ್ಪ. ಅವನು ಪೇಢೆ ತಿಂದು ಮುಗಿಸಿ, ಅಂಗಿ ತೊಟ್ಟುಕೊಂಡು, ಖಾಲಿ ಟೆಂಪೋ ಹತ್ತಲು ಹೊರಟಿದ್ದ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸಾವಕಾರ. ನನ್ನ ಗೋಡೌನಿನಾಗ ಹಾಳುಬಿದ್ದ ಜಾಗಾ ಬೇಕಾದಷ್ಟದ. ಅಲ್ಲೇ ನಿಲ್ಲಿಸ್ರಿ. ಬರ್ರಿ ನನ್ನ ಹಿಂದ."

ಬೇರೆ ದಾರಿಯೇ ಇರಲಿಲ್ಲ. ಹುಲಿಗೆಪ್ಪನ ಟೆಂಪೋ ಮುಂದೆ, ಅದರ ಹಿಂದೆ ದೇವದಾಸ ದಂಪತಿಗಳ ಕಾರು, ಹೀಗೆ ಎರಡೂ ಬೀದಿಯ ತಿರುವಿನಲ್ಲಿ ಮರೆಯಾದವು. ಆಗಾಶೆ ಗಡಿಯಾರ ನೋಡಿ, ರಿಜಿಸ್ಟರ್ ಮತ್ತೆ ಬಿಚ್ಚಿ, ಬೆಳಿಗ್ಗೆಯಿಂದ ಬಾಕಿ ಉಳಿದಿದ್ದ ಕೆಲಸ ಮುಗಿಸಿದರು: 'ಸಂಜೆ ಐದೂ ಮೂವತ್ತೈದು. ನೋಟೀಸಿನ ಪ್ರಕಾರ ಸದರಿ ವಾಹನ ಗುಜರಿಗೆ ಹೋಯಿತು. ಸ್ವಂತ ಇಂಜಿನ್ನಿನಲ್ಲಿ.'